ಓರ್ಲಾಕ್ ಹಗಲಲ್ಲಿ ಬರುವುದಿಲ್ಲ

ಕಳೆದ ಸಂಚಿಕೆಯ ಮೂಕಿಚಿತ್ರಗಳ ಲೇಖನ ಓದಿ ನೀವು ಜರ್ಮನ್ ನಿರ್ದೇಶಕ ಮುರ್ನೌ ಅವರ ರಕ್ತಪಿಶಾಚಿಯ ಚಿತ್ರ ‘ನೊಸ್ಫೆರಾಟು’ ನೋಡಿದ್ದೀರಿ. ಖುಷಿಯಾಯಿತು. ‘ಬಿಸಿಲು ತಾಗಿ ಸಾಯುವ ಕೌಂಟ್ ಓರ್ಲಾಕ್, ಹಾಡುಹಗಲಲ್ಲಿ ಶವಪೆಟ್ಟಿಗೆ ಹೊತ್ತು ಊರೊಳಗೆ ಓಡಾಡುತ್ತಾನಲ್ಲ? ಭಯವೇ ಆಗಲಿಲ್ಲ. ಇಂಥ ಚಿತ್ರ ಕಳೆದುಹೋಗಿದ್ದರೂ ನಷ್ಟವಿರಲಿಲ್ಲ’ ಎಂದು ಬರೆದಿದ್ದೀರಿ.

ತಪ್ಪು ನಿಮ್ಮದಲ್ಲ, ನೀವು ನೋಡಿದ ಪ್ರತಿಯದು. ಆಗಿನ ಫಿಲ್ಮಿಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ಹಾಗಾಗಿ ರಾತ್ರಿಯ ಹೊರಾಂಗಣ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಕಂಡರೆ ರಾತ್ರಿ ಅಂತ ಪ್ರೇಕ್ಷಕರಿಗೆ ಗೊತ್ತಿತ್ತು. ಈಗ ಸುಲಭವಾಗಿ ಸಿಗುವ ಎಷ್ಟೋ ಪ್ರತಿಗಳಲ್ಲಿ ಆ ಬಣ್ಣವೇ ಇಲ್ಲ. ಓರ್ಲಾಕ್‌ನ ರಾತ್ರಿಗಳೆಲ್ಲ ಹಗಲಾಗಿಬಿಟ್ಟಿವೆ. ಬೇರೆ ಚಿತ್ರಕ್ಕಾದರೆ ಇದು ಸಣ್ಣ ನಷ್ಟ. ಇಲ್ಲಿ ಕಥೆಯೇ ಕೆಡುತ್ತದೆ. ಯಾಕೆಂದರೆ ಓರ್ಲಾಕ್ ಸಾಯುವುದೇ ಬಿಸಿಲಿಗೆ. ಈ ಚಿತ್ರಕ್ಕೆ ಮೂಲವಾದ ಬ್ರಾಮ್ ಸ್ಟೋಕರ್ ಅವರ 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಬಿಸಿಲು ಅವನನ್ನು ಕೊಲ್ಲುವುದಿಲ್ಲ. ಸೂರ್ಯನ ಬೆಳಕಿಗೆ ರಕ್ತಪಿಶಾಚಿ ಕರಗಿಹೋಗುವುದು 1922ರ ಈ ಚಿತ್ರದ ಕೊಡುಗೆ. ಮುಂದೆ ಅನೇಕರು ಅದನ್ನೇ ಹಿಡಿದರು.

ಭಯದ ಮಾತಿಗೆ ಬರೋಣ. ಓರ್ಲಾಕ್ ಪಾತ್ರ ಮಾಡಿದ ಮ್ಯಾಕ್ಸ್ ಶ್ರೆಕ್ ಅವರ ಬೋಳು ತಲೆ, ಉದ್ದುದ್ದ ಉಗುರು, ಇಲಿಯಂಥ ಮುಂದಿನ ಹಲ್ಲು ಎಲ್ಲರಿಗೂ ನೆನಪಿರುತ್ತದೆ. ನನ್ನನ್ನು ಕಾಡುವುದು ಮಾತ್ರ ಅವನಿಲ್ಲದ ದೃಶ್ಯಗಳು. ಸ್ಲೊವಾಕಿಯಾದ ಒರಾವಾ ಕೋಟೆ, ಜರ್ಮನಿಯ ವಿಸ್ಮಾರ್ ಊರಿನ ಬೀದಿ, ಲ್ಯೂಬೆಕ್‌ನ ಹಳೇ ಉಪ್ಪಿನ ಉಗ್ರಾಣಗಳು, ಎಲ್ಲ ನಿಜವಾದ ಜಾಗಗಳೇ. ಅಂಥ ಊರಿಗೆ ಹಡಗು ಬರುತ್ತದೆ, ಇಲಿಗಳು ಇಳಿಯುತ್ತವೆ, ಪ್ಲೇಗ್ ಹಬ್ಬುತ್ತದೆ. ಬಾಗಿಲುಗಳ ಮೇಲೆ ಶಿಲುಬೆಯ ಗುರುತು ಬೀಳುತ್ತದೆ, ಬೀದಿಯಲ್ಲಿ ಸಾಲಾಗಿ ಶವಪೆಟ್ಟಿಗೆಗಳು ಸಾಗುತ್ತವೆ. ಮಹಾಯುದ್ಧ ಮತ್ತು 1918ರ ಫ್ಲೂನಲ್ಲಿ ಮನೆಮಂದಿಯನ್ನು ಕಳಕೊಂಡ ಜರ್ಮನರು ಇದನ್ನು ಸುಮ್ನೆ ದೆವ್ವದ ಕಥೆ ಅಂತ ನೋಡಿರಲು ಸಾಧ್ಯವೇ? ಕೋವಿಡ್ ಕಂಡ ನಾವೂ ಹಾಗೆ ನೋಡಲಾರೆವು, ಅಲ್ವಾ?

ಇನ್ನು ಕಳೆದುಹೋಗುವ ಮಾತು. ಅದು ನಿಜಕ್ಕೂ ಆಗಿಬಿಡುತ್ತಿತ್ತು! ನಿರ್ಮಾಪಕರು ಅನುಮತಿ ಪಡೆಯದೆ ಕಾದಂಬರಿಯನ್ನು ಬಳಸಿದ್ದರು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಆಕೆಯ ಸಿಟ್ಟು ನ್ಯಾಯವಾದದ್ದೇ. ಆದರೂ ಕೆಲವು ಪ್ರತಿಗಳು ಹೇಗೋ ಉಳಿದುಕೊಂಡವು. ಅವನ್ನು ಹೋಲಿಸಿ, ಜೋಡಿಸಿ, ನೀಲಿಯನ್ನೂ ಮರಳಿ ತುಂಬಿ ತಜ್ಞರು ಚಿತ್ರವನ್ನು ಸರಿಪಡಿಸಿದ್ದಾರೆ. ಆ ಬಣ್ಣದ ಪ್ರತಿ ಹುಡುಕಿ, ದೀಪ ಆರಿಸಿ, ಇನ್ನೊಮ್ಮೆ ನೋಡಿ. ಆಮೇಲೂ ಭಯವಾಗದಿದ್ದರೆ ಖಂಡಿತ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ