ಸ್ಕ್ಯಾನಿನಲ್ಲಿ ಕಾಣದ ನೋವು ಮತ್ತು ವಿಮೆಯ ಕ್ಲೇಮು

ಸೋಮವಾರಪೇಟೆ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: ಕಾಫಿ ಎಸ್ಟೇಟಿನಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಆಗಿದ್ದ ಅವರ ಪತಿ ಎರಡು ವರ್ಷದ ಹಿಂದೆ ಕರಿಮೆಣಸಿನ ಕೊಯ್ಲಿನ ವೇಳೆ ಏಣಿಯಿಂದ ಬಿದ್ದರು. ಮೂಳೆ ಕೂಡಿದೆ, ಎಂಆರ್‌ಐಯಲ್ಲಿ ದೋಷವಿಲ್ಲ. ಸೊಂಟದ ನೋವು, ಕಾಲಿನ ನಿತ್ರಾಣ ಮಾತ್ರ ಹೋಗಿಲ್ಲ. ಮನೋವೈದ್ಯರು ‘ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್’ (ದೇಹದ ತೊಂದರೆಗಳ ಸುತ್ತ ಬೆಳೆಯುವ ಒಂದು ಮಾನಸಿಕ ಕಾಯಿಲೆ) ಎಂದು ಬರೆದಿದ್ದಾರೆ. ಅಪಘಾತ ವಿಮೆಯ ಕಂಪನಿ ‘ದೈಹಿಕ ಕಾರಣ ಸಾಬೀತಾಗಿಲ್ಲ’ ಎಂದು ಕ್ಲೇಮು ತಿರಸ್ಕರಿಸಿದ್ದು, ಮರುಪರಿಶೀಲನೆಯ ಅರ್ಜಿಗೂ ಕಳೆದ ಫೆಬ್ರವರಿಯಲ್ಲಿ ಅದೇ ಉತ್ತರ ಬಂದಿದೆ. ಮೈದುನ ‘ಅಣ್ಣನದು ನಾಟಕ’ ಎನ್ನುತ್ತಾರಂತೆ.

ಮೈದುನರ ಮಾತನ್ನು ಮೊದಲು ಬದಿಗಿಡೋಣ. ಬೇಕೆಂದೇ ರೋಗದ ಸೋಗು ಹಾಕುವುದನ್ನು ವೈದ್ಯಶಾಸ್ತ್ರ ಬೇರೆಯಾಗಿಯೇ ಗುರುತಿಸುತ್ತದೆ. ಈ ಕಾಯಿಲೆಯಲ್ಲಿ ನೋವು ನಿಜವಾದದ್ದು. ಅದರ ಬಗೆಗಿನ ಚಿಂತೆ, ಭಯ ಮತ್ತು ನಡವಳಿಕೆ ಮಿತಿಮೀರಿ, ಸಾಮಾನ್ಯವಾಗಿ 6 ತಿಂಗಳಿಗೂ ಹೆಚ್ಚು ಕಾಲ ಬದುಕನ್ನು ಕೆಡಿಸಿರಬೇಕು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯು ‘ದೈಹಿಕ ಕಾರಣ ಸಿಗದಿರಬೇಕು’ ಎಂಬ ಹಳೆಯ ಷರತ್ತನ್ನೇ ಕೈಬಿಟ್ಟಿತು. ಆದ್ದರಿಂದ ಸ್ಕ್ಯಾನ್ ಸರಿಯಾಗಿದೆ ಎಂಬುದೊಂದರಿಂದಲೇ ಕಾಯಿಲೆ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು.

ವಿಮೆಯ ವಿಷಯದಲ್ಲಿ ನಾವು ನಿಮಗೆ ಸುಳ್ಳು ಭರವಸೆ ಕೊಡಲಾರೆವು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಸೆಕ್ಷನ್ 21(4)ರ ಪ್ರಕಾರ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ದೈಹಿಕ ಕಾಯಿಲೆಯಂತೆಯೇ ವೈದ್ಯಕೀಯ ವಿಮೆ ಇರಬೇಕು ಎಂಬುದು ನಿಜವಾದರೂ, ಅದು ಚಿಕಿತ್ಸೆಯ ಖರ್ಚಿನ ಮಾತೇ ಹೊರತು ದುಡಿಮೆ ನಿಂತದ್ದಕ್ಕೆ ಕೊಡುವ ಪರಿಹಾರದ ಮಾತಲ್ಲ. ಅಪಘಾತ ಪಾಲಿಸಿಗಳು ಸಾಮಾನ್ಯವಾಗಿ ಅಪಘಾತದ ಗಾಯದಿಂದಲೇ ಉಂಟಾದ ಅಂಗವೈಕಲ್ಯಕ್ಕೆ ಹಣ ಕೊಡುತ್ತವೆ. ನಿಮ್ಮ ಪ್ರಕರಣದ ತೊಡಕು ಇರುವುದು ಇಲ್ಲೇ, ರೋಗದ ಹೆಸರಿನಲ್ಲಲ್ಲ.

ನೀವು ಕಳುಹಿಸಿದ ವೈದ್ಯರ ಚೀಟಿಯಲ್ಲಿ ರೋಗದ ಹೆಸರು, ಎರಡು ಮಾತ್ರೆ, ಮುಂದಿನ ಭೇಟಿಯ ದಿನಾಂಕ ಇಷ್ಟೇ ಇವೆ. ಅದನ್ನು ಓದಿದ ಕ್ಲೇಮು ಅಧಿಕಾರಿಗೆ, ನಿಮ್ಮ ಪತಿ ಮಸ್ಟರ್ ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ಬರೆಯಲು ಎಷ್ಟು ಹೊತ್ತು ಕೂರಬಲ್ಲರು, ತೋಟದ ಇಳಿಜಾರಿನಲ್ಲಿ ಎಷ್ಟು ದೂರ ನಡೆಯಬಲ್ಲರು, ಬೀಳುವ ಮೊದಲು ಈ ತೊಂದರೆ ಇತ್ತೇ, ಎಂಬುದು ಹೇಗೆ ತಿಳಿಯಬೇಕು? ಬಿದ್ದ ದಿನದಿಂದ ಇಂದಿನವರೆಗಿನ ಸರಣಿಯನ್ನೂ ಈ ವಿವರಗಳನ್ನೂ ಮೂಳೆ ವೈದ್ಯರು, ಮನೋವೈದ್ಯರು ಇಬ್ಬರಿಂದಲೂ ಬರೆಸಿಕೊಳ್ಳಿ. ಮಾನಸಿಕ ಕಾಯಿಲೆಯ ಅಂಗವೈಕಲ್ಯವನ್ನು ಅಳೆಯುವ ‘ಐಡಿಯಾಸ್’ ಮಾಪನವು ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕನ್ನು ನೋಡುತ್ತದೆ. ಅದರ ಫಲಿತಾಂಶ 40 ಶೇಕಡಾ ಮುಟ್ಟಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ವಿಮಾ ಕಂಪನಿ ಅದಕ್ಕೆ ಬದ್ಧವಲ್ಲದಿದ್ದರೂ ಬರೀ ಚೀಟಿಗಿಂತ ಅದು ಎಷ್ಟೋ ಬಲವಾದ ದಾಖಲೆ.

ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮರುಪರಿಶೀಲನೆಯ ಅರ್ಜಿ ತಿರಸ್ಕಾರವಾದ ಒಂದು ವರ್ಷದೊಳಗೆ ದೂರು ತಲುಪಿರಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ನೋಡೋಣ ಎಂದು ಬರೆದಿದ್ದೀರಿ; ಕೊಯ್ಲು ಮುಗಿಯುವಷ್ಟರಲ್ಲಿ ನಿಮ್ಮ ಗಡುವೂ ಮುಗಿದಿರುತ್ತದೆ. ಪಾಲಿಸಿಯ ಪೂರ್ತಿ ಪ್ರತಿಯನ್ನು ಈ ವಾರವೇ ಕಂಪನಿಯಿಂದ ಕೇಳಿ ಪಡೆಯಿರಿ.