ರೆಸಾರ್ಟ್ ಸಂದರ್ಶನದಲ್ಲಿ ಮಳೆಗಾಲದ ಪ್ರಶ್ನೆಗೆ ಏನು ಹೇಳಬೇಕು?

ಮಡಿಕೇರಿ ಸುತ್ತಲಿನ ರೆಸಾರ್ಟ್‌ಗಳಲ್ಲಿ ಫ್ರಂಟ್ ಆಫೀಸ್ (ಅತಿಥಿಗಳ ಸ್ವಾಗತ ಮತ್ತು ಬುಕಿಂಗ್ ವಿಭಾಗ) ಕೆಲಸಕ್ಕೆ ಹೋದ ಸಂದರ್ಶನಗಳು “ಮಳೆಗಾಲದಲ್ಲಿ ಏನು ಮಾಡುತ್ತೀರಿ?” ಎಂಬ ಪ್ರಶ್ನೆಯಲ್ಲೇ ನಿಲ್ಲುತ್ತಿವೆ, ನನ್ನ ಇಂಗ್ಲಿಷ್ ಸಾಲದ್ದೇ ಕಾರಣವಿರಬೇಕು ಎಂದು ನೀವು ಬರೆದಿದ್ದೀರಿ. ಇಂಗ್ಲಿಷ್ ಕಾರಣವಲ್ಲ, ನೀವು ಕೆಲಸದಲ್ಲಿ ಉಳಿಯುವಿರೆಂಬ ನಂಬಿಕೆ ಅವರಿಗೆ ಬರದಿರುವುದೇ ಬಹುಶಃ ಕಾರಣ. ನೀವು ಕೊಡುತ್ತಿರುವ “ಏನು ಹೇಳಿದರೂ ಮಾಡುತ್ತೇನೆ” ಎಂಬ ಉತ್ತರ ಆ ಅನುಮಾನವನ್ನು ಹೆಚ್ಚಿಸುತ್ತದೆ.

ಮೊದಲು ಆ ಉತ್ತರವನ್ನು ಬದಲಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಅತಿಥಿಗಳು ಕಡಿಮೆ, ಗುಡ್ಡ ಕುಸಿದ ಸುದ್ದಿ ಬಂದೊಡನೆ ಬುಕಿಂಗ್ ರದ್ದುಗೊಳಿಸುವ ಕರೆಗಳು ಹೆಚ್ಚು; ಅಂಥ ಕರೆ ಮಾಡಿದವರಿಗೆ ರಸ್ತೆಯ ನಿಜಸ್ಥಿತಿಯನ್ನು ತಿಳಿಸಿ, ಹಣ ಹಿಂದಿರುಗಿಸುವ ಮುನ್ನ ಬೇರೆ ದಿನಾಂಕ ಸೂಚಿಸುವ ಮಾತುಕತೆಯನ್ನು ಮನೆಯಲ್ಲಿ ಗಟ್ಟಿಯಾಗಿ ಆಡಿ ಅಭ್ಯಾಸ ಮಾಡಿ, ಅದನ್ನೇ ಅಲ್ಲಿ ಹೇಳಿ. ನೀವು ಸೋಮವಾರಪೇಟೆಯಿಂದ ಓಡಾಡುವವರಾದ್ದರಿಂದ ರಾತ್ರಿ ಪಾಳಿಗೆ ಹೇಗೆ ಬರುವಿರೆಂಬುದನ್ನು ಅವರು ಕೇಳುವ ಮೊದಲೇ ತಿಳಿಸಿ.

ನಂತರ ನೀವು ಪ್ರಶ್ನಿಸಿ: ಮಳೆಗಾಲದಲ್ಲಿ ಪೂರ್ಣ ಸಂಬಳವಿದೆಯೇ, ಊಟ ಮತ್ತು ವಸತಿಗೆ ಎಷ್ಟು ಕಡಿತ, ನೇಮಕಾತಿ ಪತ್ರ ಯಾವಾಗ ಸಿಗುತ್ತದೆ? 20 ಅಥವಾ ಹೆಚ್ಚು ನೌಕರರಿರುವಲ್ಲಿ ಭವಿಷ್ಯ ನಿಧಿ ಕಡ್ಡಾಯವಾದ್ದರಿಂದ ಅದನ್ನೂ ಕೇಳಲು ಸಂಕೋಚ ಬೇಡ. ಮೂಲ ಅಂಕಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವುದಾಗಿ ಹೇಳುವ ಸಂಸ್ಥೆಯನ್ನು, ಸಂಬಳ ಎಷ್ಟೇ ಆಕರ್ಷಕವಾಗಿದ್ದರೂ, ದಯವಿಟ್ಟು ಒಪ್ಪಬೇಡಿ. ಪರಿಶೀಲನೆಗೆ ತೋರಿಸಿ, ನಕಲು ಪ್ರತಿಯನ್ನಷ್ಟೇ ಕೊಡಿ. ಒಪ್ಪುವ ಮುನ್ನ ಅಲ್ಲಿ ಕಳೆದ ಮಳೆಗಾಲದಲ್ಲಿ ಕೆಲಸ ಮಾಡಿದ ನೌಕರರೊಬ್ಬರನ್ನು ಕಂಡು, ಆಗ ಸಂಬಳ ಯಾವ ತಾರೀಖಿಗೆ ಬಂದಿತೆಂದು ವಿಚಾರಿಸಿ.