ವಿಂಡೋಸ್ 7 ಇರುವ ಹಳೆ ಕಂಪ್ಯೂಟರಿಗೆ ಹೊಸ ಎಕ್ಸ್‌ಬಾಕ್ಸ್ ಕಂಟ್ರೋಲರ್ ಹೊಂದಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬದಿಯಡ್ಕದ ಮನೆಯಲ್ಲಿ ವಿಂಡೋಸ್ 7 ಹಾಕಿದ ಹಳೆ ಡೆಸ್ಕ್‌ಟಾಪ್ ಉಂಟು, ಮಾವ ದುಬೈಯಿಂದ ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್ (ವಿಡಿಯೋ ಆಟ ಆಡುವ ಕೈಪ್ಯಾಡ್) ತಂದುಕೊಟ್ಟಿದ್ದಾರೆ. ಮೊಬೈಲ್ ಚಾರ್ಜರಿನ ಕೇಬಲಿನಲ್ಲಿ ಸಿಕ್ಕಿಸಿದರೆ ಕಂಪ್ಯೂಟರಿಗೆ ಅದರ ಸುದ್ದಿಯೇ ಇಲ್ಲ. ಬ್ಲೂಟೂತ್ ಡಾಂಗಲ್ ತರಬೇಕೇ, ಕಂಪ್ಯೂಟರನ್ನೇ ಬದಲಿಸಬೇಕೇ?

ಎರಡೂ ಬೇಡ. ಕೇಬಲಿನಲ್ಲಿ ಇದು ನಡೆಯುತ್ತದೆ. ಡಾಂಗಲಿಗಂತೂ ದುಡ್ಡು ಹಾಕಲೇಬೇಡಿ. ಸೀರೀಸ್ ಕಂಟ್ರೋಲರ್ ಬಳಸುವುದು ಬ್ಲೂಟೂತ್ ಲೋ ಎನರ್ಜಿ ಎಂಬ ಕಡಿಮೆ ವಿದ್ಯುತ್ತಿನ ಬಗೆ. ವಿಂಡೋಸ್ 7ರ ಸ್ವಂತ ಬ್ಲೂಟೂತ್ ವ್ಯವಸ್ಥೆಗೆ ಅದು ಗೊತ್ತೇ ಇಲ್ಲ, ವಿಂಡೋಸ್ 8ರಿಂದ ಮೇಲೆ ಬಂದದ್ದು. ಅಂಗಡಿಯವರು ‘ಬ್ಲೂಟೂತ್ 5’ ಎಂದು ಹೇಳಿ ಕೊಟ್ಟರೂ ವಿಂಡೋಸ್ ಹಳತೇ ಆದ್ದರಿಂದ ಪ್ರಯೋಜನವಾಗದು.

ಮೊದಲು ಡ್ರೈವರ್ (ಉಪಕರಣವನ್ನು ವಿಂಡೋಸಿಗೆ ಪರಿಚಯಿಸುವ ಸಾಫ್ಟ್‌ವೇರ್) ಹುಡುಕಲು ಹೋಗಬೇಡಿ. ಕೇಬಲ್, ಡ್ರೈವರ್, ಆಟ, ಈ ಮೂರರಲ್ಲಿ ತೊಂದರೆ ಎಲ್ಲಿ ಎಂದು ಇದೇ ಕ್ರಮದಲ್ಲಿ ನೋಡಿಕೊಂಡು ಬನ್ನಿ. ನಿಮ್ಮ ವಿವರಣೆ ನೋಡಿದರೆ ನನಗೆ ಮೊದಲ ಸಂಶಯ ಕೇಬಲಿನ ಮೇಲೆಯೇ. ಈ ಕಂಟ್ರೋಲರಿನ ಮಾಮೂಲಿ ಪೆಟ್ಟಿಗೆಯಲ್ಲಿ ಎರಡು ಎಎ ಸೆಲ್ ಇರುತ್ತವೆ, ಕೇಬಲ್ ಇರುವುದಿಲ್ಲ. ಹಾಗಾಗಿ ಹೆಚ್ಚಿನವರು ಕೈಗೆ ಸಿಕ್ಕಿದ ಟೈಪ್-ಸಿ ಕೇಬಲ್ ಹಾಕುತ್ತಾರೆ. ಯುಎಸ್‌ಬಿ 2.0 ಕೇಬಲಿನೊಳಗೆ ನಾಲ್ಕು ತಂತಿ: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಕಡಿಮೆ ಕ್ರಯದ ಚಾರ್ಜಿಂಗ್ ಕೇಬಲುಗಳಲ್ಲಿ ಡೇಟಾದ ಎರಡು ತಂತಿಗಳೇ ಇಲ್ಲದಿರುವುದುಂಟು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಪರೀಕ್ಷೆ ಸುಲಭ: ಅದೇ ಕೇಬಲಿನಲ್ಲಿ ನಿಮ್ಮ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ. ಫೈಲ್ ಟ್ರಾನ್ಸ್‌ಫರ್ ಆಯ್ಕೆ ಮಾಡಿ ಫೋಟೋಗಳನ್ನು ತೆರೆಯಲು ಬಂದರೆ ಕೇಬಲ್ ಸರಿ. ಬರೀ ಚಾರ್ಜ್ ಆದರೆ ಬೇರೆ ತನ್ನಿ, ಅಂಗಡಿಯಲ್ಲಿ ‘ಡೇಟಾ ಕೇಬಲ್’ ಎಂದೇ ಕೇಳಿ.

ಆಮೇಲೆ ಪೋರ್ಟ್. ಸಿಪಿಯು ಪೆಟ್ಟಿಗೆಯ ಮುಂದಿನ ಪೋರ್ಟ್ ಬಿಡಿ, ಹಿಂದೆ ಮದರ್‌ಬೋರ್ಡಿಗೇ ಹೊಂದಿಕೊಂಡಿರುವ ಕಪ್ಪು ಪೋರ್ಟಿಗೆ ಹಾಕಿ. ನೀಲಿ ಪೋರ್ಟ್ ಇದ್ದರೆ ಅದು ಯುಎಸ್‌ಬಿ 3.0. ವಿಂಡೋಸ್ 7ರಲ್ಲಿ ಅದಕ್ಕೆ ಪ್ರತ್ಯೇಕ ಡ್ರೈವರ್ ಹಾಕಿರಬೇಕು, ಇಲ್ಲದಿದ್ದರೆ ಅದು ಸತ್ತಂತೆಯೇ. ನಮ್ಮ ಕಡೆಯ ಮಳೆಗಾಲವನ್ನೂ ಮರೆಯಬೇಡಿ. ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡಿ: ಒಂದು ಪ್ಲಾಸ್ಟಿಕ್ ನಾಲಿಗೆ, ಅದರ ಮೇಲೆ ನಾಲ್ಕು ಲೋಹದ ಪಟ್ಟಿ. ನಡುವಿನ ಎರಡು ಪಟ್ಟಿಗಳೇ ಡೇಟಾದವು. ಅವುಗಳ ಮೇಲೆ ಹಸಿರು ಕಿಲುಬು ಕಂಡರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮಾತ್ರ ಆನ್ ಮಾಡಿ.

ಈಗ ಸಿಕ್ಕಿಸಿದಾಗ ‘ಟಿಣ್’ ಸದ್ದು ಬಂದರೆ ಅರ್ಧ ಕೆಲಸ ಮುಗಿಯಿತು. ಕಂಪ್ಯೂಟರಿನ ಉಪಕರಣಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಅದರ್ ಡಿವೈಸಸ್’ ಕೆಳಗೆ ಹಳದಿ ಗುರುತಿನೊಂದಿಗೆ ‘ಕಂಟ್ರೋಲರ್’ ಎಂದು ಕಾಣಬಹುದು. ಅದರ ಪ್ರಾಪರ್ಟೀಸ್‌ನಲ್ಲಿ ಕೋಡ್ ನೋಡಿ. 28 ಎಂದರೆ ಡ್ರೈವರ್ ಇಲ್ಲ, ಅದು ಈ ಹಂತದಲ್ಲಿ ಒಳ್ಳೆಯ ಸುದ್ದಿಯೇ. 43 ಬಂದು ‘ಅನ್‌ನೋನ್ ಡಿವೈಸ್’ ಎಂದಿದ್ದರೆ ಪುನಃ ಕೇಬಲ್, ಪೋರ್ಟಿನ ಕಡೆಗೇ ಹೋಗಿ. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು (ಅದು ಅಸಲಿ ಎಂಬುದರ ಗುರುತು) ವಿಂಡೋಸ್ ಒಪ್ಪುತ್ತಿಲ್ಲ. ಅಲ್ಲೇ ಡೀಟೇಲ್ಸ್ ಟ್ಯಾಬಿನಲ್ಲಿ ಹಾರ್ಡ್‌ವೇರ್ ಐಡಿ ನೋಡಿ: ಅಸಲಿ ಸೀರೀಸ್ ಕಂಟ್ರೋಲರಿನಲ್ಲಿ ವಿಐಡಿ (ತಯಾರಕರ ನಂಬರ್) 045ಇ, ಪಿಐಡಿ (ಮಾದರಿಯ ನಂಬರ್) 0ಬಿ12 ಎಂದಿರುತ್ತದೆ. ಪಿಐಡಿ 028ಇ ಎಂದಿದ್ದರೆ ನಿಮ್ಮದು ಎಕ್ಸ್‌ಬಾಕ್ಸ್ 360ರ ಹೆಸರಿನಲ್ಲಿ ಕೆಲಸ ಮಾಡುವ ಪ್ಯಾಡ್. ಅದಕ್ಕೆ ಮೈಕ್ರೋಸಾಫ್ಟಿನ ‘ಎಕ್ಸ್‌ಬಾಕ್ಸ್ 360 ಆಕ್ಸೆಸರೀಸ್ ಸಾಫ್ಟ್‌ವೇರ್ 1.2’ ಹಾಕಿದರೆ ಸಾಕು, ಮುಂದಿನ ಗಂಡಾಂತರ ಇಲ್ಲ.

0ಬಿ12 ಆದರೆ ಸ್ವಲ್ಪ ಕೈಕೆಲಸ ಉಂಟು. ಮೈಕ್ರೋಸಾಫ್ಟ್ 2014ರಲ್ಲಿ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಿಗೆ ವಿಂಡೋಸ್ 7ರ ಡ್ರೈವರ್ ಬಿಡುಗಡೆ ಮಾಡಿತ್ತು. ಸೀರೀಸ್ ಬಂದದ್ದು 2020ರಲ್ಲಿ. ಆದ್ದರಿಂದ ಆ ಡ್ರೈವರಿನ ಪಟ್ಟಿಯಲ್ಲಿ ಇದರ ನಂಬರ್ ಇಲ್ಲ, ತಾನಾಗಿ ಹೊಂದಿಕೊಳ್ಳುವುದಿಲ್ಲ. ಆದರೆ ಕೇಬಲಿನಲ್ಲಿ ಎರಡೂ ಮಾತಾಡುವ ಭಾಷೆ ಒಂದೇ, ಹಾಗಾಗಿ ನಾವೇ ಕೈಯಾರೆ ಜೋಡಿಸಬಹುದು. ಮೊದಲು ವಿಂಡೋಸ್ 7ಕ್ಕೆ ಸರ್ವಿಸ್ ಪ್ಯಾಕ್ 1 ಇದೆಯೇ ನೋಡಿ. ಆಮೇಲೆ ಕೆಬಿ4490628, ಅದರ ನಂತರ ಕೆಬಿ4474419 ಅಪ್‌ಡೇಟ್ ಹಾಕಿ. ಹೊಸ ಬಗೆಯ ಶಾ-2 ಸಹಿಯನ್ನು ವಿಂಡೋಸ್ 7 ಗುರುತಿಸಲು ಇವು ಬೇಕು. ಕೋಡ್ 52 ಬರುವುದಕ್ಕೆ ಸಾಮಾನ್ಯ ಕಾರಣವೂ ಇವು ಇಲ್ಲದಿರುವುದೇ.

ಆ ಡ್ರೈವರ್, ಈ ಅಪ್‌ಡೇಟುಗಳು ಎಲ್ಲವೂ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಲ್ಲಿ ಸಿಗುತ್ತವೆ. ಹಳೆ ಬ್ರೌಸರಿನಲ್ಲಿ ತೆರೆಯದಿದ್ದರೆ ಫೋನಿನಲ್ಲಿ ಇಳಿಸಿ ಆ ಡೇಟಾ ಕೇಬಲಿನಲ್ಲೇ ದಾಟಿಸಿ. ನಿಮ್ಮ ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ನೋಡಿ ಅದಕ್ಕೆ ತಕ್ಕ ಡ್ರೈವರನ್ನೇ ತೆಗೆದುಕೊಳ್ಳಿ. ಡ್ರೈವರನ್ನು ಕಟ್ಟಿಟ್ಟ ಕ್ಯಾಬ್ ಫೈಲನ್ನು 7-ಜಿಪ್‌ನಲ್ಲಿ ಒಂದು ಫೋಲ್ಡರಿಗೆ ಬಿಡಿಸಿಡಿ. ಇನ್ನು ಡಿವೈಸ್ ಮ್ಯಾನೇಜರಿನಲ್ಲಿ ಆ ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ‘ಬ್ರೌಸ್ ಮೈ ಕಂಪ್ಯೂಟರ್’, ‘ಲೆಟ್ ಮಿ ಪಿಕ್’, ‘ಶೋ ಆಲ್ ಡಿವೈಸಸ್’, ಹ್ಯಾವ್ ಡಿಸ್ಕ್. ಬಿಡಿಸಿಟ್ಟ ಫೋಲ್ಡರಿನ ಐಎನ್‌ಎಫ್ ಫೈಲ್ ತೋರಿಸಿ. ‘ಶೋ ಕಂಪ್ಯಾಟಿಬಲ್ ಹಾರ್ಡ್‌ವೇರ್’ ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಬೇಕಾದ ಹೆಸರೇ ಕಾಣದು. ಪಟ್ಟಿಯಲ್ಲಿ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಆರಿಸಿ. ಇದು ನಿಮ್ಮ ಉಪಕರಣಕ್ಕೆ ಹೊಂದುತ್ತದೆಂದು ಹೇಳಲಾಗದು ಎಂಬ ಎಚ್ಚರಿಕೆ ಬರುತ್ತದೆ. ಹೆದರದೆ ಯಸ್ ಒತ್ತಿ. ನಡುವಿನ ಶೇರ್ ಗುಂಡಿ ಕೆಲಸ ಮಾಡದು, ಉಳಿದದ್ದಕ್ಕೆ ತೊಂದರೆ ಇಲ್ಲ. ದಯವಿಟ್ಟು ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎನ್ನುವ ಸಾಫ್ಟ್‌ವೇರ್ ಮಾತ್ರ ಹಾಕಬೇಡಿ. 2020ರ ಜನವರಿ 14ಕ್ಕೆ ವಿಂಡೋಸ್ 7ರ ಸಾಮಾನ್ಯ ಸುರಕ್ಷತಾ ಅಪ್‌ಡೇಟ್ ನಿಂತಿದೆ, ಒಳಗೆ ಹೊಕ್ಕಿದ್ದನ್ನು ಹೊರಗೆ ಹಾಕುವುದು ಕಷ್ಟ.

ಪರೀಕ್ಷೆಗೆ ವಿಂಡೋಸ್ ಕೀ ಜತೆ ಆರ್ ಒತ್ತಿ, ಜೆ-ಒ-ವೈ, ಚುಕ್ಕಿ, ಸಿ-ಪಿ-ಎಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಪ್ರಾಪರ್ಟೀಸ್‌ನಲ್ಲಿ ಗುಂಡಿ ಒತ್ತಿದಂತೆ ಕೆಂಪು ದೀಪ ಹತ್ತುತ್ತದೆ. ಅಲ್ಲಿ ಎಡ, ಬಲ ಟ್ರಿಗರುಗಳೆರಡೂ ಒಂದೇ ಗೆರೆಯನ್ನು ಆಚೀಚೆ ಎಳೆಯುವುದು ಕಾಣುತ್ತದೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಗೆರೆ ನಡುವಿಗೆ ಬಂದು ನಿಲ್ಲುತ್ತದೆ. ಕಂಟ್ರೋಲರ್ ಕೆಟ್ಟದ್ದಲ್ಲ. ಆಟಗಳು ಕಂಟ್ರೋಲರನ್ನು ಓದುವ ಹಳೆಯ ಡೈರೆಕ್ಟ್‌ಇನ್‌ಪುಟ್ ಪದ್ಧತಿಗೆ ಈ ಡ್ರೈವರ್ ಟ್ರಿಗರುಗಳನ್ನು ಹೀಗೆಯೇ ತೋರಿಸುತ್ತದೆ. ಡೈರೆಕ್ಟ್‌ಇನ್‌ಪುಟ್ ಮಾತ್ರ ಓದುವ ಹಳೆ ಕಾರ್ ರೇಸ್ ಆಟಗಳಲ್ಲಿ ಆಕ್ಸಿಲರೇಟರ್, ಬ್ರೇಕ್ ಒಟ್ಟಿಗೆ ಹಿಡಿಯಲು ಆಗದಿರುವುದು ಇದರಿಂದಲೇ. ಅಂಥ ಆಟದಲ್ಲಿ ಬ್ರೇಕನ್ನು ಎ ಅಥವಾ ಎಕ್ಸ್ ಗುಂಡಿಗೆ ಕೊಡಿ.

ಅದರ ನಂತರದ ಎಕ್ಸ್‌ಇನ್‌ಪುಟ್ ಪದ್ಧತಿ ಬಳಸುವ ಆಟಗಳಿಗೆ ಈ ತೊಡಕಿಲ್ಲ. ‘ಎಕ್ಸ್‌ಇನ್‌ಪುಟ್1_3 ಡಿಎಲ್‌ಎಲ್ ಇಲ್ಲ’ ಎಂಬ ತಪ್ಪು ಬಂದರೆ ಆ ಒಂದು ಫೈಲನ್ನು ಎಲ್ಲಿಂದಲೋ ಇಳಿಸದೆ ಮೈಕ್ರೋಸಾಫ್ಟಿನ ‘ಡೈರೆಕ್ಟ್‌ಎಕ್ಸ್ ಜೂನ್ 2010’ ರನ್‌ಟೈಮ್ ಹಾಕಿ. ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಮೂಲಕ ಸರಿಮಾಡುವ ಉಪಾಯಗಳನ್ನು ಬಿಟ್ಟುಬಿಡಿ, 2024ರ ಜನವರಿ 1ರಿಂದ ಸ್ಟೀಮ್ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದೆ.

ಇಷ್ಟಾದರೂ ಹಳದಿ ಗುರುತು ಹೋಗದಿದ್ದರೆ ತಪ್ಪು ಕಂಟ್ರೋಲರಿನದೋ ವಿಂಡೋಸಿನದೋ ಎಂದು ವಿಂಡೋಸಿನ ಬದಲು ಲಿನಕ್ಸಿನಲ್ಲಿ ಸಿಕ್ಕಿಸಿ ನೋಡಿ ಗೊತ್ತುಮಾಡಬಹುದು. ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳು ಐಟಿ ಪಾಠ ಕಲಿಯುವುದು ಉಬುಂಟು ಆಧಾರಿತ ಕೈಟ್ ಲಿನಕ್ಸಿನಲ್ಲಿ, ಆದ್ದರಿಂದ ಮನೆಯ ಮಕ್ಕಳಿಗೆ ಅದು ಹೊಸತೇನಲ್ಲ. 8 ಜಿಬಿ ಪೆನ್‌ಡ್ರೈವಿಗೆ ಉಬುಂಟು 22.04 ಬರೆಯಿರಿ, ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ ಲುಬುಂಟು ಸಾಕು. ಇವು 64 ಬಿಟ್ ಪ್ರೊಸೆಸರಿಗೆ ಮಾತ್ರ. ಬರೆಯಲು ರೂಫಸ್ 3.22 ಬಳಸಿ, ಅದಕ್ಕಿಂತ ಹೊಸದು ವಿಂಡೋಸ್ 7ರಲ್ಲಿ ತೆರೆಯುವುದಿಲ್ಲ. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ‘ಟ್ರೈ’ ಆರಿಸಿ. ಹಾರ್ಡ್ ಡಿಸ್ಕಿನ ಯಾವ ಫೈಲಿಗೂ ಧಕ್ಕೆ ಇಲ್ಲ. ಉಬುಂಟುವಿನ ಕರ್ನಲಿನಲ್ಲಿ (ಒಳತಿರುಳಿನಲ್ಲಿ) ಎಕ್ಸ್‌ಪ್ಯಾಡ್ ಎಂಬ ಡ್ರೈವರ್ ಮೊದಲೇ ಉಂಟು, ಸೀರೀಸ್ ಕಂಟ್ರೋಲರನ್ನು ಸಿಕ್ಕಿಸಿದ ಕೂಡಲೇ ಹಿಡಿಯುತ್ತದೆ. ಜೆಎಸ್‌ಟೆಸ್ಟ್-ಜಿಟಿಕೆ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಗುಂಡಿಗಳನ್ನು ಒತ್ತಿ ನೋಡಿ. ಅಲ್ಲಿ ಸರಿ ನಡೆದರೆ ಕೇಬಲ್, ಪೋರ್ಟ್, ಕಂಟ್ರೋಲರ್ ಮೂರೂ ಸರಿಯಿವೆ, ಉಳಿದದ್ದು ವಿಂಡೋಸಿನ ಡ್ರೈವರ್ ಒಂದೇ. ಅಲ್ಲೂ ಕಾಣದಿದ್ದರೆ ಇನ್ನೊಂದು ಡೇಟಾ ಕೇಬಲ್ ಹಾಕಿ ನೋಡಿ, ಆಮೇಲೆ ಮಾತ್ರ ಬಿಲ್ಲು ಹುಡುಕಿಡಲು ಮಾವನಿಗೆ ಹೇಳಿ.